ಕೊನೆಯ ಸಾಲಿಗಾಗಿ ನುಡಿಸಿದವರು

ಕಚೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ನನಗೆ ಬಹಳ ಕಾಲದ ರೂಢಿ. ಮೈಸೂರಿನಲ್ಲಿ ರಾಮೋತ್ಸವ, ಗಣೇಶೋತ್ಸವಗಳ ಚಪ್ಪರದ ಕಚೇರಿಗಳನ್ನು ಕೇಳುತ್ತ ಬೆಳೆದವರಿಗೆ ಹಿಂದಿನ ಸಾಲಿನ ಅನುಭವವೇ ಬೇರೆ ಎಂಬುದು ಗೊತ್ತಿರುತ್ತದೆ. ಅಲ್ಲಿ ತಡವಾಗಿ ಬಂದವರು ನಿಂತಿರುತ್ತಾರೆ, ಮಕ್ಕಳು ಓಡಾಡುತ್ತಾರೆ, ಆಚೆಯ ರಸ್ತೆಯ ವಾಹನಗಳ ಸದ್ದು ರಾಗಾಲಾಪನೆಯೊಳಗೆ ನುಗ್ಗುತ್ತದೆ. ಆದರೂ ಸಂಗೀತ ಕೇಳಿಸುತ್ತದೆ, ಏಕೆಂದರೆ ಧ್ವನಿವರ್ಧಕವಿದೆ. ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಕಾಡುತ್ತಿರುವ ಸಂಗತಿ ಇದಕ್ಕೆ ಸಂಬಂಧಿಸಿದ್ದು. ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಪಿಟೀಲು ಎಷ್ಟು ಕೇಳಿಸಬೇಕು ಎಂಬುದನ್ನು ಇಂದು ತೀರ್ಮಾನಿಸುವವನು ಪಿಟೀಲು ನುಡಿಸುವವನಲ್ಲ. ವೇದಿಕೆಯ ಬದಿಯಲ್ಲಿ ಗುಂಡಿಗಳ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತ ಮತ್ತೊಬ್ಬನು. ವಿದ್ವಾಂಸರು ಕಮಾನು ಕೆಳಗಿಟ್ಟು ಅವನ ಕಡೆಗೆ ಕೈಸನ್ನೆ ಮಾಡಿ ಧ್ವನಿ ಏರಿಸುವಂತೆ ಕೇಳುವುದನ್ನು ಕಂಡಾಗಲೆಲ್ಲ ನನಗೆ ತಿರುಮಕೂಡಲು ಚೌಡಯ್ಯನವರು ನೆನಪಾಗುತ್ತಾರೆ. ತನ್ನಿಂದ ಕೊನೆಯ ಸಾಲಿಗೆ ಇರುವ ದೂರವನ್ನು ತಾನೇ ದಾಟಬೇಕಾದ ದೂರವೆಂದು ತಿಳಿದು, ಅದಕ್ಕಾಗಿ ವಾದ್ಯವನ್ನೇ ಬದಲಾಯಿಸಿಕೊಂಡ ಮನುಷ್ಯ ಅವರು.

ಅವರ ಬಗ್ಗೆ ನಮ್ಮ ಕಡೆಯವರಿಗೆ ಹೊಸದಾಗಿ ಪರಿಚಯ ಬೇಕಿಲ್ಲ. ಏಳು ತಂತಿಯ ಪಿಟೀಲು ಎಂದರೆ ಚೌಡಯ್ಯ ಎಂಬುದು ಸಂಗೀತ ಕೇಳದವರಿಗೂ ಗೊತ್ತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ 1980ರಿಂದ ಅವರ ಹೆಸರಿನಲ್ಲಿ ನಿಂತಿದೆ, ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಆದರೆ ಇಷ್ಟೆಲ್ಲ ಗೌರವ ಪಡೆದ ಆ ವಾದ್ಯವನ್ನು ಇಂದು ಕಚೇರಿಯಲ್ಲಿ ಎತ್ತಿಕೊಳ್ಳುವವರು ಇಲ್ಲವೆನ್ನುವಷ್ಟು ಕಡಿಮೆ. ಇದು ಹೀಗೇಕಾಯಿತು ಎಂಬ ಪ್ರಶ್ನೆಯ ಹಿಂದೆ ಹೋದಷ್ಟೂ ಅವರ ಬದುಕಿನ ಬಗ್ಗೆ ನಾವು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಗಳು ಎದುರಾಗುತ್ತವೆ.

ಸಂಗಮದ ಊರಿನಿಂದ

ತಿ. ನರಸೀಪುರದಲ್ಲಿ ಕಾವೇರಿ ಮತ್ತು ಕಪಿಲೆ ಕೂಡುವ ಜಾಗದಲ್ಲಿ ನಿಂತರೆ ಆಚೆ ದಡದಲ್ಲಿ ತಿರುಮಕೂಡಲು ಇದೆ, ಅಗಸ್ತ್ಯೇಶ್ವರನ ಗುಡಿಯಿದೆ. ಈ ಎರಡು ನದಿಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಜನ ಇದನ್ನು ತ್ರಿವೇಣಿ ಸಂಗಮವೆನ್ನುತ್ತಾರೆ. 1895ರಲ್ಲಿ ಈ ಊರಿನ ಅಗಸ್ತ್ಯೇಗೌಡ ಮತ್ತು ಸುಂದರಮ್ಮನವರ ಮಗನಾಗಿ ಚೌಡಯ್ಯನವರು ಹುಟ್ಟಿದರು. ಒಕ್ಕಲುತನದ ಸೀಮೆಯ ಗೌಡರ ಮನೆಯ ಹುಡುಗ ಆ ಕಾಲದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸನಾಗುವುದು ಎಂತಹ ಸಂಗತಿ ಎಂಬುದನ್ನು ನಾವು ನಿಂತು ಯೋಚಿಸುವುದೇ ಇಲ್ಲ. ಕಚೇರಿ ಸಂಗೀತ ಆಗ ಬಹುಮಟ್ಟಿಗೆ ಕೆಲವೇ ಮನೆತನಗಳ, ಅಗ್ರಹಾರಗಳ, ಅರಮನೆಯ ಸುತ್ತಲಿನ ಬೀದಿಗಳ ವಿದ್ಯೆಯಾಗಿತ್ತು. ಹೊರಗಿನಿಂದ ಬಂದವನಿಗೆ ಅಲ್ಲಿ ಬಾಗಿಲು ತೆರೆಯಬೇಕಾದರೆ ಬಾಗಿಲು ತೆರೆಯುವ ಗುರು ಬೇಕಿತ್ತು.

ಆ ಗುರು ಬಿಡಾರಂ ಕೃಷ್ಣಪ್ಪನವರು. ಕೃಷ್ಣಪ್ಪನವರೂ ಮೈಸೂರಿಗೆ ಹೊರಗಿನಿಂದ ಬಂದವರೇ. ಕರಾವಳಿಯ ಕಡೆಯಿಂದ ಬಂದು, ತಮ್ಮ ಗಾಯನದ ಬಲದಿಂದ ಆಸ್ಥಾನದಲ್ಲಿ ನೆಲೆ ಕಂಡುಕೊಂಡವರು. ಸಂಪಾದಿಸಿದ್ದನ್ನೆಲ್ಲ ಹಾಕಿ, ಸಾಲದ್ದಕ್ಕೆ ಊರೂರು ಸುತ್ತಿ ಹಣ ಕೂಡಿಸಿ, ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದವರು. 1910ರ ಹೊತ್ತಿಗೆ ಅವರ ಬಳಿಗೆ ಬಂದ ಚೌಡಯ್ಯನವರು ಹದಿನೆಂಟು ವರ್ಷಗಳಷ್ಟು ದೀರ್ಘಕಾಲ ಗುರುಕುಲದಲ್ಲಿದ್ದು ಕಲಿತರು. ಗುರುಗಳು ಕಟ್ಟುನಿಟ್ಟಿಗೆ ಹೆಸರಾದವರು. ಪಾಠ ತಪ್ಪಿದರೆ ಕೈ ಎತ್ತಲು ಹಿಂಜರಿಯುತ್ತಿರಲಿಲ್ಲ ಎಂದು ಹಳಬರೆಲ್ಲ ಹೇಳುತ್ತಾರೆ. ಇಂದಿನ ಕಣ್ಣಿಗೆ ಇದು ಕ್ರೌರ್ಯವಾಗಿ ಕಾಣುವುದು ಸಹಜ ಮತ್ತು ಅದನ್ನು ಹೊಗಳುವ ಮನಸ್ಸು ನನಗಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಕೃಷ್ಣಪ್ಪನವರು ಪಿಟೀಲು ವಾದಕರಲ್ಲ, ಗಾಯಕರು. ಅವರ ಶಿಷ್ಯ ಪಿಟೀಲನ್ನು ಕಲಿತದ್ದು ಹಾಡಿನಿಂದ. ಬೆರಳು ಎಲ್ಲಿಡಬೇಕೆಂದು ತೋರಿಸುವ ಬದಲು, ಸಂಗತಿ, ಎಂದರೆ ಹಾಡಿನ ಸಾಲನ್ನು ಬೆಳೆಸಿ ಹಾಡುವ ಬಗೆ, ಹೇಗೆ ಉಸಿರಿನಿಂದ ಹುಟ್ಟುತ್ತದೆ ಎಂಬುದನ್ನು ಹಾಡಿ ತೋರಿಸುವ ಗುರು ಸಿಕ್ಕರೆ, ಶಿಷ್ಯ ತನ್ನ ಕಮಾನಿನಲ್ಲಿ ಆ ಉಸಿರನ್ನು ಹುಡುಕಲೇಬೇಕಾಗುತ್ತದೆ. ಚೌಡಯ್ಯನವರ ವಾದನದಲ್ಲಿ ಸಾಹಿತ್ಯ ಕೇಳಿಸುತ್ತದೆ ಎಂದು ರಸಿಕರು ಹೇಳುವುದರ ಮೂಲ ಇಲ್ಲಿದೆ ಎಂದು ನನ್ನ ನಂಬಿಕೆ.

ತಾತ ಕೇಳಿದ್ದು

ನನ್ನ ತಾತ ಬನ್ನೂರು ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಸಂಗೀತ ಕಲಿತವರಲ್ಲ, ಆದರೆ ರಾಮನವಮಿ ಬಂದರೆ ಸೈಕಲ್ಲು ಹತ್ತಿ ಮೈಸೂರಿಗೆ ಹೊರಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ರೇಡಿಯೋದಲ್ಲಿ ಚೆಂಬೈ ವೈದ್ಯನಾಥ ಭಾಗವತರ ಹಳೆಯ ಕಚೇರಿಯೊಂದು ಬರುತ್ತಿತ್ತು. ಜಗುಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ತಾತ ಸುಣ್ಣದ ಡಬ್ಬಿಯನ್ನು ಪಕ್ಕಕ್ಕಿಟ್ಟು, ನನ್ನನ್ನು ಕರೆದು, ರೇಡಿಯೋದ ಧ್ವನಿಯನ್ನು ಪೂರ್ತಿ ತಗ್ಗಿಸಿದರು. ಏರಿಸುತ್ತಾರೆ ಎಂದುಕೊಂಡಿದ್ದವನಿಗೆ ಅಚ್ಚರಿಯಾಯಿತು. "ಈಗ ಕೇಳು ಮಗ, ಹಾಡೋದನ್ನ ಬಿಟ್ಬುಡು, ಅದರ ಬುಡದಲ್ಲಿ ಏನದೆ ಅಂತ ಕೇಳು" ಎಂದರು. ಧ್ವನಿ ಅಷ್ಟು ತಗ್ಗಿದಾಗ ಗಾಯನದ ಮಾತುಗಳು ಅಸ್ಪಷ್ಟವಾದವು, ಮೃದಂಗದ ಬಲಗೈಯ ನುಡಿ ಅಳಿಸಿಹೋಯಿತು, ಆದರೆ ಅವೆರಡರ ಕೆಳಗೆ ಅಗಲವಾದ, ತುಂಬಿದ ನಾದವೊಂದು ಹಾಗೆಯೇ ಉಳಿದಿತ್ತು. ಗಾಯಕರು ಒಂದು ಸಂಗತಿಯನ್ನು ಮುಗಿಸಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಆ ನಾದ ಸ್ವಲ್ಪ ಮೇಲೆದ್ದು, ಅವರು ಮತ್ತೆ ಬಾಯಿ ತೆರೆದೊಡನೆ ಕೆಳಗಿಳಿಯುತ್ತಿತ್ತು.

ತಾತ ಆಮೇಲೆ ಬಹಳ ಹೊತ್ತು ಮಾತನಾಡಿದರು. "ಚೌಡಯ್ಯನೋರ ಪಿಟೀಲು ಕೇಳಾಕೆ ಚಪ್ಪರದೊಳಕ್ಕೆ ಹೋಗ್ಲೇಬೇಕು ಅಂತಿರಲಿಲ್ಲ. ಜಾಗ ಸಿಗದೋರು ಬೀದೀಲಿ ನಿಂತ್ಕೊತಿದ್ರು, ಅವರಿಗೂ ಕೇಳ್ತಿತ್ತು" ಎಂದು ಅವರು ಹೇಳಿದ್ದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಹಾಗೆ ಬೀದಿಯಲ್ಲಿ ನಿಂತವರಲ್ಲಿ ತಾತನೂ ಒಬ್ಬರಾಗಿದ್ದರು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದ ಮೇಷ್ಟ್ರಿಗೆ ಮುಂದಿನ ಚಾಪೆಯಲ್ಲಿ ಯಾರು ಜಾಗ ಇಟ್ಟಿರುತ್ತಾರೆ? ಏಳು ತಂತಿಯ ಪಿಟೀಲನ್ನು ನಾವು ಒಬ್ಬ ವಿದ್ವಾಂಸನ ಜಾಣ್ಮೆಯ ಆವಿಷ್ಕಾರವೆಂದು ಹೇಳಿಕೊಂಡು ಬಂದಿದ್ದೇವೆ. ತಾತನ ಮಾತು ಕೇಳಿದ ಮೇಲೆ ನನಗೆ ಅದು ಬೀದಿಯಲ್ಲಿ ನಿಂತವರಿಗೆ ಸಲ್ಲಬೇಕಾದ ಪಾಲನ್ನು ಸಲ್ಲಿಸಲು ಮಾಡಿದ ಕೆಲಸವಾಗಿ ಕಾಣುತ್ತದೆ. ಸ್ವತಃ ಹಳ್ಳಿಯಿಂದ ಬಂದವರಿಗೆ ಹಿಂದೆ ನಿಂತವರ ನೆನಪು ಸುಲಭವಾಗಿ ಮಾಸುವುದಿಲ್ಲ.

ಮೂರು ತಂತಿಗಳು ಹೆಚ್ಚಾದದ್ದು

1920ರ ದಶಕದ ಕಚೇರಿಗಳಲ್ಲಿ ಮೈಕು ಇರಲಿಲ್ಲ. ದೇವಸ್ಥಾನದ ಪ್ರಾಕಾರ, ಮದುವೆಯ ಚಪ್ಪರ, ಉತ್ಸವದ ಬಯಲು, ಇವೇ ವೇದಿಕೆಗಳು. ಗಾಯಕರು ದೂರಕ್ಕೆ ಮುಟ್ಟಲೆಂದು ಈಗಿನವರಿಗಿಂತ ಎತ್ತರದ ಶ್ರುತಿಯಲ್ಲಿ, ತೆರೆದ ಕಂಠದಲ್ಲಿ ಹಾಡುತ್ತಿದ್ದರು. ಮೃದಂಗ ತನ್ನ ಸ್ವಭಾವದಿಂದಲೇ ದೂರ ಹೋಗುವ ವಾದ್ಯ. ನಡುವೆ ಸಿಕ್ಕಿಕೊಂಡದ್ದು ಪಿಟೀಲು. ಯುರೋಪಿನಿಂದ ಬಂದ ಈ ವಾದ್ಯವನ್ನು ನಮ್ಮವರು ಭುಜದಿಂದ ಇಳಿಸಿ, ನೆಲದ ಮೇಲೆ ಕುಳಿತು, ಎದೆ ಮತ್ತು ಹಿಮ್ಮಡಿಯ ನಡುವೆ ಊರಿ, ಷಡ್ಜ-ಪಂಚಮ-ಷಡ್ಜ-ಪಂಚಮಗಳಿಗೆ ಶ್ರುತಿ ಮಾಡಿಕೊಂಡು ಸ್ವರವನ್ನು ಅಲುಗಿಸಿ ನುಡಿಸುವ ಗಮಕಕ್ಕೆ ಒಗ್ಗಿಸಿಕೊಂಡರು. ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಚೌಡಯ್ಯನವರ ಕಾಲಕ್ಕೆ ಬರುವ ಹೊತ್ತಿಗೆ ಅದು ಪೂರ್ತಿ ನಮ್ಮದೇ ಆಗಿತ್ತು. ಆದರೆ ಅದರ ಧ್ವನಿಯ ಪ್ರಮಾಣ ಮಾತ್ರ ಬಯಲಿಗೆ ಸಾಲುತ್ತಿರಲಿಲ್ಲ. ಹಿಂದೆ ಕುಳಿತವರಿಗೆ ಕೇಳಿಸುತ್ತಿಲ್ಲ ಎಂಬುದನ್ನು ಗಮನಿಸಿದ ಚೌಡಯ್ಯನವರು ಆ ದಶಕದ ಕೊನೆಯ ಭಾಗದಲ್ಲಿ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿದರು.

ಇದು ಕೇಳಲು ಸರಳ. ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆ, ಜೊತೆಯ ತಂತಿಗೆ ಒಂದು ಸ್ಥಾಯಿಯ (ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ) ಅಂತರದಲ್ಲಿ ಶ್ರುತಿ. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಿದಾಗ, ಒಂದೇ ಕಮಾನು ಎರಡನ್ನೂ ಎಳೆದಾಗ, ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಕೂಡಿ ನುಡಿಯುತ್ತದೆ. ಒಬ್ಬರೇ ನುಡಿಸುತ್ತಿದ್ದರೂ ಇಬ್ಬರು ನುಡಿಸಿದಂತಹ ತುಂಬು ನಾದ. ಗುರುಗಳು ಮೊದಲು ಇದನ್ನು ಒಪ್ಪಲಿಲ್ಲವೆಂದೂ ನಾದವನ್ನು ಕೇಳಿದ ಮೇಲೆ ಮನಸ್ಸು ಬದಲಾಯಿಸಿದರೆಂದೂ ಮೈಸೂರಿನ ಸಂಗೀತದ ಮನೆಗಳಲ್ಲಿ ಕಥೆಯಿದೆ. ಅಷ್ಟಕ್ಕೇ ನಿಲ್ಲದೆ ಅವರು 19 ತಂತಿಗಳ ಪಿಟೀಲಿನ ಪ್ರಯೋಗವನ್ನೂ ಮಾಡಿದರು. ಉಳಿದುಕೊಂಡದ್ದು ಏಳು ತಂತಿಯದು.

ಇದನ್ನು ನುಡಿಸುವುದು ಎಷ್ಟು ಕಷ್ಟ ಎಂಬುದು ನನಗೆ ಅರ್ಥವಾದದ್ದು ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ಪಿಟೀಲು ಪಾಠ ಹೇಳುವ ಮೇಷ್ಟ್ರೊಬ್ಬರ ಮನೆಯಲ್ಲಿ. ಇಂದು ಯಾರೂ ಇದನ್ನು ಯಾಕೆ ನುಡಿಸುವುದಿಲ್ಲ ಎಂದು ಕೇಳಿದಾಗ ಅವರು ಉತ್ತರ ಕೊಡದೆ ತಮ್ಮ ವಾದ್ಯವನ್ನು ಕೈಗೆತ್ತಿಕೊಂಡು ಬಿರಡೆಯನ್ನು ತಿರುವುತ್ತ ಶ್ರುತಿ ಸೇರಿಸತೊಡಗಿದರು. ಮಳೆಗಾಲದ ದಿನ. ಒಂದು ತಂತಿ ಸೇರಿತು ಎನ್ನುವಷ್ಟರಲ್ಲಿ ಇನ್ನೊಂದು ಜಾರುತ್ತಿತ್ತು. "ನೋಡಿ ಸಾರ್, ನಾಲ್ಕು ತಂತೀನೇ ಒಂದು ವರ್ಣ ಮುಗಿಯೋವರೆಗೆ ನಿಲ್ಲೋದಿಲ್ಲ. ಅವರು ಏಳನ್ನ ಮೂರು ಮೂರು ಗಂಟೆ ಹೇಗೆ ನಿಲ್ಲಿಸ್ತಿದ್ರೋ ಆ ದೇವರಿಗೇ ಗೊತ್ತು" ಎಂದರು. ಆಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಬಾಗನ್ನು ತೋರಿಸಿ ವಿವರಿಸಿದರು. ಒಂಟಿ ತಂತಿಯಿದ್ದಾಗ ಕಮಾನು ಒಂದಿಷ್ಟು ಓರೆಯಾದರೂ ನಡೆದುಹೋಗುತ್ತದೆ. ಜೋಡಿ ತಂತಿಯಿದ್ದಾಗ ಎರಡರ ಮೇಲೂ ಒತ್ತಡ ಸಮನಾಗಿ ಬೀಳಬೇಕು, ಬೀಳುವಾಗಲೇ ಪಕ್ಕದ ಜೋಡಿಗೆ ತಾಗಬಾರದು. ಎಡಗೈಯ ಕಷ್ಟ ಇನ್ನೂ ಹೆಚ್ಚು. ಜೋಡಿಯ ಎರಡು ತಂತಿಗಳ ದಪ್ಪ ಬೇರೆ ಬೇರೆ, ಒಂದೇ ಬೆರಳಿನ ಕೆಳಗೆ ಎರಡೂ ಕರಾರುವಾಕ್ಕಾಗಿ ಒಂದೇ ಸ್ವರಕ್ಕೆ ನಿಲ್ಲಬೇಕು. ತೋಡಿಯ ಗಾಂಧಾರವನ್ನೋ ಭೈರವಿಯ ನಿಷಾದವನ್ನೋ ಅಲುಗಿಸುವಾಗ ಎರಡೂ ಒಟ್ಟಿಗೆ ಅಲುಗಬೇಕು. ಒಂದು ಕೂದಲೆಳೆಯಷ್ಟು ಹಿಂದುಮುಂದಾದರೂ ನಾದ ಒಡೆದುಹೋಗುತ್ತದೆ. ಮೇಷ್ಟ್ರು ತಮ್ಮ ಎರಡು ತಂತಿಗಳನ್ನು ಒಂದೇ ಬೆರಳಿನಲ್ಲಿ ಒತ್ತಿ ಜಾರು ಹಿಡಿದು ತೋರಿಸಿದರು. ಆ ಕರ್ಕಶ ಸದ್ದನ್ನು ಕೇಳಿ ಪಾಠಕ್ಕೆ ಕುಳಿತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು.

ಆ ದಿನದಿಂದ ಚೌಡಯ್ಯನವರ ಧ್ವನಿಮುದ್ರಿಕೆಗಳನ್ನು ಕೇಳುವಾಗ ನಾನು ಮೊದಲು ಗಮನಿಸುವುದು ಶುದ್ಧಿಯನ್ನು. ಅಷ್ಟು ಅಪಾಯಗಳ ನಡುವೆ, ಗಾಯಕರು ಮುಂದಿನ ಕ್ಷಣದಲ್ಲಿ ಯಾವ ಕಡೆಗೆ ತಿರುಗುತ್ತಾರೆಂದು ಮೊದಲೇ ತಿಳಿಯದ ಪಕ್ಕವಾದ್ಯದ ಸ್ಥಾನದಲ್ಲಿ ಕುಳಿತು, ಅವರು ಆ ನಾದವನ್ನು ಕಾಪಾಡಿಕೊಂಡರು.

ಪಕ್ಕದಲ್ಲಿ ಕುಳಿತವರು

ಅವರ ಕಾಲದಲ್ಲಿ ದಕ್ಷಿಣದ ಪಿಟೀಲು ಎಂದರೆ ಮೂವರು: ಆಂಧ್ರದ ವಿಜಯನಗರಂನ ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಮತ್ತು ಮೈಸೂರು ಚೌಡಯ್ಯ. ನಾಯ್ಡು ಅವರ ಕಮಾನಿನ ನಯಕ್ಕೂ ಪಿಳ್ಳೈಯವರ ಮಾಧುರ್ಯಕ್ಕೂ ಮನಸೋತವರು ಚೌಡಯ್ಯನವರ ನಾದವನ್ನು ಒರಟು ಎಂದದ್ದೂ ಇದೆ. ಈ ಟೀಕೆಯನ್ನು ತಳ್ಳಿಹಾಕಬೇಕೆಂದು ನನಗೆ ಅನ್ನಿಸುವುದಿಲ್ಲ. ದ್ವಾರಂ ಅವರ ಪಿಟೀಲಿನಲ್ಲಿರುವ ಸೂಕ್ಷ್ಮ ಒಂಟಿ ತಂತಿಗೆ ಮಾತ್ರ ಸಾಧ್ಯವಾದದ್ದು, ಮತ್ತು ಅದನ್ನು ಸವಿಯಲು ಕೇಳುಗನು ಹತ್ತಿರದಲ್ಲಿ ಕುಳಿತಿರಬೇಕು. ಚೌಡಯ್ಯನವರು ಆ ಸೂಕ್ಷ್ಮದ ಒಂದು ಭಾಗವನ್ನು ತಿಳಿದೂ ತಿಳಿದೇ ಬಿಟ್ಟುಕೊಟ್ಟು ವ್ಯಾಪ್ತಿಯನ್ನು ಪಡೆದುಕೊಂಡರು ಎಂದೇ ನಾನು ತಿಳಿದಿದ್ದೇನೆ. ಯಾವ ಕಲಾವಿದನಿಗೂ ಇದು ಸುಲಭದ ಆಯ್ಕೆಯಲ್ಲ, ಅದರಲ್ಲೂ ವಿಮರ್ಶಕರೆಲ್ಲ ಮುಂದಿನ ಸಾಲಿನಲ್ಲೇ ಕುಳಿತಿರುವಾಗ.

ಆ ಆಯ್ಕೆ ಸಾರ್ಥಕವಾದದ್ದು ಚೆಂಬೈಯವರ ಪಕ್ಕದಲ್ಲಿ. ಚೆಂಬೈಯವರದು ಕಂಚಿನ ಕಂಠ. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗದ ಬಗ್ಗೆ ಹೇಳಬೇಕಾದ್ದೇ ಇಲ್ಲ. ಇವರಿಬ್ಬರ ನಡುವೆ ಸಾಮಾನ್ಯ ಪಿಟೀಲು ಮುಳುಗಿಹೋಗುತ್ತಿತ್ತು. ಚೌಡಯ್ಯನವರ ಪಿಟೀಲು ಮೂರನೆಯ ಸಮಬಲವಾಗಿ ನಿಂತಿತು. ಈ ಮೂವರ ಸ್ನೇಹ ವೇದಿಕೆಯಿಂದ ಆಚೆಗೂ ಬೆಳೆಯಿತು. 1943ರಲ್ಲಿ ಚೌಡಯ್ಯನವರು 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದಾಗ ಚೆಂಬೈ ಮತ್ತು ಮಣಿ ಅಯ್ಯರ್ ಅದರ ಕಚೇರಿಯ ದೃಶ್ಯಕ್ಕೆ ಬಂದು ಕುಳಿತರು. ಕೇರಳದ ಇಬ್ಬರು ಮಹಾನುಭಾವರು ಮೈಸೂರಿನ ಸ್ನೇಹಿತನ ಸಿನಿಮಾಕ್ಕಾಗಿ ಬಂದದ್ದು ಈಗ ಯೋಚಿಸಿದರೆ ಮನಸ್ಸು ತುಂಬಿ ಬರುತ್ತದೆ.

ಗಾಯಕರ ಪಕ್ಕದಲ್ಲಿ ಕುಳಿತವನ ಕೆಲಸದ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ. ರಾಗಾಲಾಪನೆಯಲ್ಲಿ ಅವನು ಗಾಯಕರ ನೆರಳಿನಂತೆ ಹಿಂಬಾಲಿಸಬೇಕು, ಆದರೆ ತನ್ನ ಸರದಿ ಬಂದಾಗ ನೆರಳಾಗಿ ಉಳಿಯಬಾರದು. ಗಾಯಕರು ಆಗಿಂದಾಗಲೇ ಹೆಣೆದು ಹಾಡುವ ಕಲ್ಪನಾಸ್ವರಕ್ಕೆ ತಕ್ಷಣ ಉತ್ತರ ಕೊಡಬೇಕು, ಉತ್ತರ ಗಾಯಕರಿಗಿಂತ ಮಿಗಿಲಾಗದಂತೆಯೂ ನೋಡಿಕೊಳ್ಳಬೇಕು. ಕಂಠ ಸೋತ ದಿನ ಗಾಯಕರನ್ನು ಕೈಹಿಡಿದು ನಡೆಸಬೇಕು, ಅದು ಸಭೆಗೆ ತಿಳಿಯಬಾರದು. ಇಷ್ಟು ಮಾಡಿದರೂ ಕರಪತ್ರದಲ್ಲಿ ಹೆಸರು ಎರಡನೆಯ ಸಾಲಿನಲ್ಲಿ, ಸಂಭಾವನೆಯೂ ಅದರಂತೆಯೇ. ಚೌಡಯ್ಯನವರು ಸಂಗೀತ ಪ್ರಪಂಚದಲ್ಲಿ ಪಡೆದ ಸ್ಥಾನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಸಂಗೀತ ಕಲಾನಿಧಿ ಬಿರುದನ್ನು ಪಡೆದರು, ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಜೀವಮಾನವೆಲ್ಲ ಪಕ್ಕದಲ್ಲಿ ಕುಳಿತು ನುಡಿಸಿದವರು ವಿದ್ವತ್ ಸಭೆಯ ನಡುವಿನ ಪೀಠದಲ್ಲಿ ಕುಳಿತರು. ತಿರುಮಕೂಡಲಿನ ಗೌಡರ ಹುಡುಗ ಅಲ್ಲಿಗೆ ತಲುಪಿದ್ದು ಈ ಸೀಮೆಯವರಾದ ನಮಗೆ ಹೆಮ್ಮೆಯ ಸಂಗತಿಯಾಗಿ ಉಳಿದಿದೆ, ಉಳಿಯಬೇಕು.

ಇದೆಲ್ಲದರ ನಡುವೆ ಅವರು 'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಮೈಸೂರಿನಲ್ಲಿ ಅಯ್ಯನಾರ್ ಕಲಾಶಾಲೆಯನ್ನು ಸ್ಥಾಪಿಸಿ ಪಾಠ ಹೇಳಿದರು. 1967ರ ಜನವರಿ 19ರಂದು ತೀರಿಕೊಂಡರು.

ಮೈಕು ಬಂದ ಮೇಲೆ

ವಾದ್ಯ ಯಾಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಮೈಕು. ಅದು ಸರಿಯಾದ ಉತ್ತರವೇ. ಧ್ವನಿವರ್ಧಕ ಬಂದೊಡನೆ ದೂರದ ಸಮಸ್ಯೆ ತಂತಿಯಿಂದ ವಿದ್ಯುತ್ತಿಗೆ ವರ್ಗವಾಯಿತು. ಗಾಯಕರ ಶ್ರುತಿ ಇಳಿಯಿತು, ಮೆಲ್ಲಗೆ ಹಾಡುವುದು ಸಾಧ್ಯವಾಯಿತು, ಪಿಟೀಲಿನಲ್ಲೂ ಪಿಸುಮಾತಿನಂತಹ ಸೂಕ್ಷ್ಮಗಳಿಗೆ ಬೆಲೆ ಬಂದಿತು. ಮುಂದಿನ ತಲೆಮಾರಿನ ಲಾಲ್ಗುಡಿ ಜಯರಾಮನ್, ಟಿ.ಎನ್. ಕೃಷ್ಣನ್, ಎಂ.ಎಸ್. ಗೋಪಾಲಕೃಷ್ಣನ್ ಅವರು ನಾಲ್ಕು ತಂತಿಗಳಲ್ಲೇ ಹೊಸ ಲೋಕಗಳನ್ನು ತೆರೆದರು. ನಮ್ಮ ಮೈಸೂರಿನ ನಾಗರಾಜ್ ಮತ್ತು ಮಂಜುನಾಥ್ ಸಹೋದರರವರೆಗೆ ಆ ಬೆಳವಣಿಗೆ ಮುಂದುವರಿದಿದೆ. ಇದು ನಷ್ಟದ ಕಥೆಯಲ್ಲ.

ಆದರೆ ಮೈಕು ಎಲ್ಲವನ್ನೂ ತುಂಬಿಕೊಟ್ಟಿತು ಎಂದು ಒಪ್ಪಲು ನನ್ನಿಂದ ಆಗುವುದಿಲ್ಲ. ಚೌಡಯ್ಯನವರ ಜೊತೆ ಅಷ್ಟು ಕಚೇರಿ ನುಡಿಸಿದ ಪಾಲ್ಘಾಟ್ ಮಣಿ ಅಯ್ಯರ್ ಅವರು ಮೈಕಿನ ವಿರುದ್ಧ ಬಹಿರಂಗವಾಗಿ ನಿಂತವರು. ಅದಿದ್ದರೆ ನುಡಿಸುವುದಿಲ್ಲ ಎಂದು ಹಟ ಹಿಡಿದವರು. ವಾದ್ಯದ ಸಹಜ ನಾದವನ್ನು ಯಂತ್ರ ಬದಲಾಯಿಸುತ್ತದೆ ಎಂಬ ಅವರ ಆಕ್ಷೇಪ ಕೇವಲ ಹಟಮಾರಿತನವಾಗಿರಲಿಲ್ಲ. ಧ್ವನಿವರ್ಧಕ ಒಂದು ನಾದವನ್ನು ದೊಡ್ಡದು ಮಾಡುತ್ತದೆ, ತುಂಬಿದ್ದನ್ನಾಗಿ ಮಾಡುವುದಿಲ್ಲ. ಎರಡು ಸ್ಥಾಯಿಗಳು ಒಂದೇ ಬೆರಳಿನ ಕೆಳಗೆ ಕೂಡಿ ಹುಟ್ಟಿಸುವ ಅಗಲ ಧ್ವನಿಯ ಗುಂಡಿ ತಿರುಗಿಸಿದರೆ ಬರುವಂತಹದಲ್ಲ. ದೂರವನ್ನು ದಾಟಲೆಂದು ಚೌಡಯ್ಯನವರು ಹೊರಟರು, ದಾರಿಯಲ್ಲಿ ಅವರಿಗೆ ಸಿಕ್ಕಿದ್ದು ಹೊಸದೊಂದು ನಾದ. ಅದನ್ನು ನಾವು ಧ್ವನಿಯ ಪ್ರಮಾಣದ ಲೆಕ್ಕಕ್ಕೆ ಮಾತ್ರ ಸೇರಿಸಿದ್ದರಿಂದ, ಪ್ರಮಾಣದ ಸಮಸ್ಯೆ ತೀರಿದ ದಿನ ಅದನ್ನೂ ಕೆಳಗಿಟ್ಟೆವು.

ಈಗ ಉಳಿದಿರುವುದು ಹಳೆಯ ಧ್ವನಿಮುದ್ರಿಕೆಗಳು. ಅವುಗಳಲ್ಲಿಯೂ ಅವರ ನಾದ ಆ ಕಾಲದ ಮೈಕಿನ ಮೂಲಕವೇ ಹಾದು ಬಂದಿದೆ. ತಾತ ಬೀದಿಯಲ್ಲಿ ನಿಂತು ಕೇಳಿದ್ದು ಹೇಗಿತ್ತೆಂದು ಅವು ನಮಗೆ ಹೇಳಲಾರವು. ಮೈಸೂರಿನಲ್ಲಿ ಸಂಗೀತಕ್ಕಾಗಿಯೇ ವಿಶ್ವವಿದ್ಯಾಲಯವಿದೆ, ಲಲಿತಕಲಾ ಕಾಲೇಜಿದೆ, ಪಿಟೀಲು ಕಲಿಯುವ ನೂರಾರು ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಯಾರಾದರೊಬ್ಬರು ಸಂಶೋಧನೆಗೆಂದು ಈ ವಾದ್ಯವನ್ನೇ ಆರಿಸಿಕೊಂಡು, ಬಿರಡೆಯ ಜಾಗ ಹಿಗ್ಗಿಸಿ, ಕುದುರೆಯನ್ನು ಹೊಸದಾಗಿ ಕೊರೆಸಿ, ಏಳು ತಂತಿ ಹೂಡಿ, ಒಂದೆರಡು ವರ್ಷ ಸಾಧನೆ ಮಾಡಿ ನೋಡಬೇಕೆಂಬುದು ನನ್ನ ಆಸೆ. ತಂತಿಗಳ ದಪ್ಪ ಎಷ್ಟಿರಬೇಕು, ಯಾವ ರಾಗಗಳಲ್ಲಿ ಜೋಡಿ ತಂತಿಯ ನಾದ ಚೆನ್ನಾಗಿ ಕೂಡುತ್ತದೆ, ಯಾವ ಗಮಕಗಳಲ್ಲಿ ಒಡೆಯುತ್ತದೆ ಎಂಬುದನ್ನೆಲ್ಲ ಬರೆದಿಡಬೇಕು. ಅದರ ಜೊತೆಗೆ ಚೌಡಯ್ಯನವರನ್ನು ಎದುರಿಗೆ ಕೇಳಿದವರು ಈ ಊರಿನಲ್ಲಿ ಇನ್ನೂ ಕೆಲವರಾದರೂ ಇರಬಹುದು, ಎಂಬತ್ತು ದಾಟಿದವರು. ಮೊದಲ ತಂತಿ ಹೂಡಿದ ದಿನ ಅವರನ್ನು ಕರೆದು ತಂದು, ಮೈಕನ್ನು ಆರಿಸಿ, ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿಸುತ್ತಿದೆಯೇ ಎಂದು ಕೇಳಬೇಕು. ಅವರು ಏನು ಹೇಳುತ್ತಾರೋ ಅದನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ.